ಮಗುವನ್ನು ಔಷಧ ಪರೀಕ್ಷೆಗೆ ಸೇರಿಸಬೇಕೆ?



ಕಳೆದ ತಿಂಗಳು ಬಶೀರಾಬಾದಿನ ಪಕ್ಕದ ಹಳ್ಳಿಯ ತಾಯಿಯೊಬ್ಬಳು ಪೂಜೆಯ ನಂತರ ಬಂದು ಕೇಳಿದಳು: "ಫಾದರ್, ಹೊಸಾ ಔಷಧ ಪರೀಕ್ಷೆಗೆ ಕೂಸಿಗಿ ತಗೋತಾರಂತ್ರಿ. ಕೊಡಲೋ ಬ್ಯಾಡೋ, ನೀವೇ ಹೇಳ್ರಿ."

ಆ ಕೂಸಿಗೆ ಇರುವುದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಅಪರೂಪದ ನರರೋಗ. ಬೆನ್ನುಹುರಿಯಿಂದ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಬುದ್ಧಿ ಚುರುಕಾಗಿಯೇ ಇರುತ್ತದೆ, ಕತ್ತು ಮಾತ್ರ ನಿಲ್ಲುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ದೋಷ ಕೂಡಿದಾಗ ಇದು ಬರುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿಯೇ ಮದುವೆ ಮಾಡುವ ನಮ್ಮಲ್ಲಿ ಆ ಸಾಧ್ಯತೆ ಹೆಚ್ಚು. ಶಾಪವೆಂದು ಸೊಸೆಯನ್ನು ದೂರುವವರು ಇದನ್ನು ತಿಳಿಯಲಿ.

ಪರೀಕ್ಷೆ ಎಂದರೇನೆಂದು ರೈತರಿಗೆ ಬೇರೆ ಹೇಳಬೇಕಿಲ್ಲ. ನೆಟೆ ರೋಗ ತಡೆಯುವ ಹೊಸ ತೊಗರಿ ತಳಿ ಬಂದರೆ ಹೊಲದ ಒಂದು ಭಾಗದಲ್ಲಿ ಅದನ್ನೂ ಪಕ್ಕದಲ್ಲಿ ಹಳೆಯದನ್ನೂ ಬಿತ್ತಿ ನೋಡುತ್ತೇವೆ. ಹೋಲಿಸದೆ ಗುಣ ತಿಳಿಯದು. ಆದರೆ ಸಾಯುತ್ತಿರುವ ಕೂಸನ್ನು ಔಷಧವಿಲ್ಲದ ಸಾಲಿನಲ್ಲಿ ನಿಲ್ಲಿಸುವುದು ಹೇಗೆ? ರಿಸ್ಡಿಪ್ಲಾಮ್ ಎಂಬ ಔಷಧವನ್ನು ಹೊರದೇಶಗಳಲ್ಲಿ ಪರೀಕ್ಷಿಸಿದಾಗ ತೀವ್ರ ರೋಗದ 41 ಶಿಶುಗಳಿಗೂ ಔಷಧವನ್ನೇ ಕೊಟ್ಟು, ಹಿಂದಿನ ರೋಗಿಗಳ ದಾಖಲೆಯೊಡನೆ ಹೋಲಿಸಿದರು. ಒಂದು ವರ್ಷದಲ್ಲಿ 12 ಶಿಶುಗಳು ಆಸರೆಯಿಲ್ಲದೆ 5 ಸೆಕೆಂಡು ಕುಳಿತವು. ಚಿಕಿತ್ಸೆಯಿಲ್ಲದಿದ್ದರೆ ಅಂಥ ಶಿಶುಗಳು ಕೂರುವುದೇ ಇಲ್ಲ. 3 ಶಿಶುಗಳು ತೀರಿಕೊಂಡವು. ಈ ಎರಡನ್ನೂ ಒಟ್ಟಿಗೆ ಹೇಳದ ವೈದ್ಯರನ್ನು ನಂಬಬೇಡಿ. ರೋಗ ಅಷ್ಟು ತೀವ್ರವಲ್ಲದ ದೊಡ್ಡ ಮಕ್ಕಳ ಪರೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗೆ ಒಂದು ವರ್ಷ ಬರಿಯ ಹುಸಿ ಔಷಧ, ನಿಜವಾದದ್ದು ಆಮೇಲೆ.

ಆ ಮಕ್ಕಳಿಂದ ಲಾಭವಾಗಿದ್ದು ನಮಗೂ. ಒಂದು ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಇದ್ದ ಆ ಔಷಧವನ್ನು 2025ರ ಅಕ್ಟೋಬರಿನಲ್ಲಿ, ನ್ಯಾಯಾಲಯದ ತೀರ್ಪಿನ ನಂತರ, ಹೈದರಾಬಾದಿನ ನ್ಯಾಟ್ಕೋ ಕಂಪನಿ 15,900 ರೂಪಾಯಿಗೆ ತಂದಿತು. ಆದ್ದರಿಂದ ಪರೀಕ್ಷೆಗೆ ಸೇರುವ ಮೊದಲು, ಇರುವ ಔಷಧ ಸಿಗುತ್ತದೆಯೇ ಎಂದು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ಅಪರೂಪದ ರೋಗಗಳಿಗೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಅದೂ ಒಂದು. 50 ಲಕ್ಷದವರೆಗೆ ನೆರವಿನ ಯೋಜನೆಯಿದೆ.

ನನ್ನ ಭಯ ಔಷಧದ್ದಲ್ಲ, ಸಹಿಯದ್ದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯನ್ನು ಹುಡುಗಿಯರಿಗೆ ಹಾಕಿದಾಗ, ಎಷ್ಟೋ ಕಡೆ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನರು ಸಹಿ ಹಾಕಿದ್ದರು. 2010ರಲ್ಲಿ ಅದು ನಿಂತಿತು. 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಖಂಡಿಸಿತು. ಲಸಿಕೆ ಕೆಟ್ಟದ್ದಾಗಿರಲಿಲ್ಲ, ಕೇಳಿದ ರೀತಿ ಕೆಟ್ಟಿತ್ತು.

2019ರ ನಿಯಮದಂತೆ ಪರೀಕ್ಷೆಯ ವಿವರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಮ್ಮ ಗಡಿಯ ಮನೆಗಳಲ್ಲಿ ಅಕ್ಷರ ಬಲ್ಲವರಲ್ಲಿಯೂ ಎಷ್ಟೋ ಜನ ಓದುವುದು ಕನ್ನಡ. ಕೈಗೆ ಬರುವ ಕಾಗದ ತೆಲುಗು ಅಥವಾ ಇಂಗ್ಲಿಷ್. ಕನ್ನಡದಲ್ಲಿಯೇ ಕೊಡಿ ಎಂದು ಕೇಳಿ, ಸಂಕೋಚ ಬೇಡ. ಮಧ್ಯದಲ್ಲಿ ಮಗುವನ್ನು ಹೊರಗೆ ತರುವ ಹಕ್ಕು ನಿಮ್ಮದು. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಅವರ ಹೊಣೆ.

ಫಾದರ್ ಹೇಳಿದರೆಂದು ಸಹಿ ಹಾಕುವುದೂ ವಾರ್ಡನ್ ಸಹಿಯಷ್ಟೇ ತಪ್ಪು. ಆ ತಾಯಿಗೆ, ಗಂಡನನ್ನು ಕರೆದುಕೊಂಡು ಕಾಗದ ತಾ ಎಂದಿದ್ದೇನೆ. ಕನ್ನಡದಲ್ಲಿ ಓದಿ ಹೇಳುತ್ತೇನೆ. ಹೂಂ, ಊಹೂಂ ಅವರಿಬ್ಬರದೇ.