ಬಣ್ಣ ಹಚ್ಚದೆ ಹೊಳೆಯುವ ಉಗುರು

ನೇಲ್ ಪಾಲಿಶ್ ಹಚ್ಚಿದರೆ ಉಗುರಿನ ಮೇಲೆ ಪದರ ಕೂರುತ್ತದೆ, ವುಝೂವಿನ ನೀರು ಉಗುರಿಗೆ ತಾಗುವುದಿಲ್ಲ. ಪ್ರತಿ ಸಲ ರಿಮೂವರ್‌ನಿಂದ ಉಜ್ಜಿ ತೆಗೆಯುತ್ತಿದ್ದರೆ ಉಗುರು ಒಣಗಿ ಸೀಳುತ್ತದೆ. ಅದಕ್ಕೇ ನಿಮ್ಮಲ್ಲಿ ಅನೇಕರು ಫ್ಯಾನ್ಸಿ ಅಂಗಡಿಯಿಂದ ನೇಲ್ ಬಫರ್ ತಂದುಕೊಂಡಿರಬಹುದು. ಒಳ್ಳೆಯದೇ. ಬಫರ್ ಏನನ್ನೂ ಬಳಿಯುವುದಿಲ್ಲ, ಇರುವ ಉಗುರನ್ನೇ ಸವೆಸಿ ನುಣುಪು ಮಾಡುತ್ತದೆ. ಎಚ್ಚರ ಬೇಕಾದದ್ದೂ ಅದೇ ಕಾರಣಕ್ಕೆ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್ ಮಾತ್ರ. ಇಂದು ಸವೆದ ಉಗುರು ಪೂರ್ತಿ ಹೊಸದಾಗಲು ನಾಲ್ಕರಿಂದ ಆರು ತಿಂಗಳು ಬೇಕು.

ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಉಗುರು ಮೆತ್ತಗಿರುತ್ತದೆ, ಅದನ್ನು ಉಜ್ಜಬೇಡಿ. ಉಗುರು ಕತ್ತರಿಸಿ ಅಂಚು ಸರಿಮಾಡಿದ ನಂತರ ಬಫರ್ ಹಿಡಿಯಿರಿ. ಸಾಮಾನ್ಯವಾಗಿ ಅದಕ್ಕೆ ಮೂರೋ ನಾಲ್ಕೋ ಬದಿಗಳಿರುತ್ತವೆ. ಒರಟು ಬದಿ ಅಂಚಿಗೆ ಮಾತ್ರ. ಗೆರೆಗಳಿರುವ ಕಡೆ ಮಧ್ಯಮ ಬದಿಯಿಂದ ಹಗುರವಾಗಿ, ಒಂದೇ ದಿಕ್ಕಿಗೆ ನಾಲ್ಕೈದು ಸಲ ಎಳೆದರೆ ಸಾಕು. ಕೊನೆಗೆ ಅತಿ ನಯವಾದ ಬದಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಉಗುರು ಬಿಸಿಯಾದಂತೆ ಅನಿಸಿದ ಕೂಡಲೇ ನಿಲ್ಲಿಸಿ. ಬುಡದ ತೆಳು ಚರ್ಮಕ್ಕೆ ತಾಗಿಸಬೇಡಿ, ಅಲ್ಲಿ ಗಾಯವಾದರೆ ಸೋಂಕಿಗೆ ದಾರಿಯಾಗುತ್ತದೆ. ಮುಗಿದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳಿ.

ತಿಂಗಳಿಗೊಮ್ಮೆ ಮಾಡಿದರೆ ಸಾಕು. ಹೊಳಪು ಕಡಿಮೆಯಾಯಿತೆಂದು ವಾರಕ್ಕೆರಡು ಸಲ ಉಜ್ಜುವವರಿದ್ದಾರೆ. ಆಮೇಲೆ ಬೆಳ್ಳುಳ್ಳಿ ಸುಲಿದರೆ ಉಗುರು ಬಾಗುತ್ತದೆ, ಮೆಣಸಿನ ಖಾರ ತಾಗಿದರೆ ಉರಿಯುತ್ತದೆ. ಮೊದಲೇ ತೆಳುವಾಗಿ ಪದರ ಪದರವಾಗಿ ಏಳುವ ಉಗುರಿನವರು ಬಫರಿನ ಗೋಜಿಗೇ ಹೋಗಬೇಡಿ, ಎಣ್ಣೆಯೇ ಸಾಕು. ಅಕ್ಕ ತಂಗಿಯರೆಲ್ಲ ಒಂದೇ ಬಫರ್ ಬಳಸುವುದೂ ಬೇಡ. ಒಬ್ಬರ ಉಗುರಿನ ಫಂಗಸ್ ಇನ್ನೊಬ್ಬರಿಗೆ ಹರಡಬಹುದು.

ಉದ್ದುದ್ದ ಸಣ್ಣ ಗೆರೆಗಳು ವಯಸ್ಸಾದಂತೆ ಬರುವಂಥವು, ಅವುಗಳಿಗೆ ಹೆದರಬೇಕಾಗಿಲ್ಲ. ಆದರೆ ಉಗುರು ಚಮಚದಂತೆ ಒಳಗೆ ತಗ್ಗಾಗಿದ್ದರೆ, ಜೊತೆಗೆ ಸುಸ್ತೂ ಇದ್ದರೆ ಉಜ್ಜಿ ಮರೆಮಾಚಬೇಡಿ. ಕಬ್ಬಿಣಾಂಶ ಕಡಿಮೆಯಾದಾಗ ಹೀಗಾಗುವುದುಂಟು. ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ತಿನ್ನುವ ನಮ್ಮಲ್ಲಿ ಈ ಕೊರತೆ ಅಪರೂಪವೇನಲ್ಲ.

ಇನ್ನೊಂದು ಮಾತು. ಈದ್‌ಗೆ ಉಗುರಿಗೂ ಮೆಹಂದಿ ಹಚ್ಚುವುದಾದರೆ ಬಫರ್ ಕೆಲಸವನ್ನು ಮೊದಲೇ ಮುಗಿಸಿ. ಮೆಹಂದಿಯ ಬಣ್ಣ ಉಗುರಿನ ಮೇಲ್ಪದರದಲ್ಲಿ ಇಳಿದಿರುತ್ತದೆ. ಆಮೇಲೆ ಉಜ್ಜಿದರೆ ಅಲ್ಲಲ್ಲಿ ಬಿಳಿಚಿಕೊಂಡು ಪಟ್ಟಿ ಪಟ್ಟಿಯಾಗಿ ಕಾಣುತ್ತದೆ.