ತಾತನ ಯೆಜ್ಡಿ, ಮೊಮ್ಮಗನ ಸ್ಟ್ರೀಟ್ ಟ್ರ್ಯಾಕರ್

ಈ ವಾರ ಬಂದ ಪತ್ರಗಳಲ್ಲಿ ಒಂದು ಗುಬ್ಬಿ ತಾಲ್ಲೂಕಿನ ಹಳ್ಳಿಯಿಂದ. ಬರೆದವರು ಆ ಮನೆಯ ಸೊಸೆ. ಮಾವನವರ ಯೆಜ್ಡಿ ರೋಡ್‌ಕಿಂಗ್ ಗಾಡಿ ಹನ್ನೆರಡು ವರ್ಷದಿಂದ ಕೊಬ್ಬರಿ ಅಟ್ಟದ ಕೆಳಗೆ ನಿಂತಿದೆಯಂತೆ. ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ಮಗ ಅದನ್ನು 'ಸ್ಟ್ರೀಟ್ ಟ್ರ್ಯಾಕರ್' ಮಾಡ್ತೀನಿ ಅಂತ ಹಠ ಹಿಡಿದಿದ್ದಾನೆ. ಹಿಂದಿನ ಮಡ್‌ಗಾರ್ಡ್ ತೆಗೆದು, ಚಾಸಿಯ ಬಾಲ ಕೊಯ್ದು, ಎರಡೂ ಸೈಲೆನ್ಸರ್ ಗಿಡ್ಡ ಮಾಡುವ ಯೋಜನೆ. ತಾತ ಮೊಮ್ಮಗನ ಜೊತೆ ಮಾತು ಬಿಟ್ಟಿದ್ದಾರೆ. "ಕೊಯ್ಯೋದಾದ್ರೆ ಮೊದ್ಲು ನನ್ ಕಾಲು ಕೊಯ್ಯಿ ಅಂತಾರೆ. ನಾನು ಯಾರಿಗೆ ಬುದ್ಧಿ ಹೇಳಲಿ?" ಇದು ಅವರ ಪ್ರಶ್ನೆ.

ಇನ್ನೊಂದು ಪತ್ರ ಕುಣಿಗಲ್ಲಿನ ಹುಡುಗನದು. ಅವನ ಹತ್ತಿರ ಇಡೀ ಗಾಡಿ ಇಲ್ಲ. ಗುಜರಿಯಿಂದ ತಂದ ರಾಜದೂತ್ ಚಾಸಿ ಒಂದು, ಆರ್‌ಎಕ್ಸ್ 100 ಎಂಜಿನ್ ಒಂದು, ಎಲ್ಲಿಂದಲೋ ಸಿಕ್ಕ ಚಕ್ರ ಎರಡು. "ಸೇರಿಸಿ ಕಟ್ಟಬಹುದಾ ಸಾರ್?" ಅಂತ ಕೇಳಿದ್ದಾನೆ. ಎರಡು ಪತ್ರಕ್ಕೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲು, ಈ ಸ್ಟ್ರೀಟ್ ಟ್ರ್ಯಾಕರ್ ಅಂದರೇನು ಅನ್ನುವವರಿಗೆ. ಅಮೆರಿಕದಲ್ಲಿ ಮಣ್ಣಿನ ಅಂಡಾಕಾರದ ಮೈದಾನದಲ್ಲಿ ಎಡಕ್ಕೇ ತಿರುಗುತ್ತಾ ಸುತ್ತುಹಾಕುವ ಮೋಟಾರ್‌ಸೈಕಲ್ ರೇಸು ಇದೆ, ಫ್ಲಾಟ್ ಟ್ರ್ಯಾಕ್ ಅಂತ. ಅಲ್ಲಿನ ಜಾತ್ರೆ ಮೈದಾನಗಳಲ್ಲಿ ಕುದುರೆ ಓಡಿಸಲು ಮಾಡಿದ್ದ ಟ್ರ್ಯಾಕುಗಳ ಮೇಲೆಯೇ ಎಷ್ಟೋ ರೇಸು ನಡೆದವು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನವರಿಗೆ ಈ ನಂಟು ಬಿಡಿಸಿ ಹೇಳಬೇಕಾಗಿಲ್ಲ. ಅಗಲ ಹ್ಯಾಂಡಲ್, ಒಬ್ಬರೇ ಕೂರುವ ಗಿಡ್ಡ ಸೀಟು, ಅದರ ಹಿಂದೆ ಸ್ವಲ್ಪ ಎತ್ತಿದ ಬಾಲ, ಪಕ್ಕದಲ್ಲಿ ನಂಬರ್ ಬರೆಯುವ ತಗಡು, ಇಷ್ಟು ಬಿಟ್ಟು ಮೈಮೇಲೆ ಬೇರೇನೂ ಇರದ ಗಾಡಿ ಅದು. ಅದಕ್ಕೇ ಲೈಟು, ಬ್ರೇಕು, ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಇಳಿಸಿದರೆ ಸ್ಟ್ರೀಟ್ ಟ್ರ್ಯಾಕರ್.

ಟೂ ಸ್ಟ್ರೋಕ್ ಎಂಜಿನ್ನಿಗೂ ಈ ಮಣ್ಣಿಗೂ ಹಳೇ ಸಂಬಂಧ ಇದೆ. 1975ರಲ್ಲಿ ಕೆನ್ನಿ ರಾಬರ್ಟ್ಸ್ ಎಂಬ ಸವಾರ ಯಮಹಾದ 750 ಸಿಸಿ, ನಾಲ್ಕು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಕೂರಿಸಿದ ಗಾಡಿಯಲ್ಲಿ ಇಂಡಿಯಾನಾಪೊಲಿಸ್‌ನ ಮಣ್ಣಿನ ಟ್ರ್ಯಾಕ್‌ನಲ್ಲಿ ರೇಸು ಗೆದ್ದರು. ಆಮೇಲೆ ಅಂಥ ಎಂಜಿನ್ನನ್ನೇ ಆ ರೇಸಿನಿಂದ ಹೊರಗಿಟ್ಟರು. ಇನ್ನು ಜಾವಾ ಹೆಸರಿಗೂ ಮಣ್ಣಿನ ಟ್ರ್ಯಾಕ್ ಹೊಸದಲ್ಲ. ಯುರೋಪಿನ ಸ್ಪೀಡ್‌ವೇ ರೇಸಿನಲ್ಲಿ ದಶಕಗಟ್ಟಲೆ ಓಡಿದ 500 ಸಿಸಿ ಗಾಡಿಗಳ ಮೇಲೆ ಇದ್ದದ್ದು ಅದೇ ಹೆಸರು, ಅವು ಫೋರ್ ಸ್ಟ್ರೋಕ್ ಅನ್ನುವುದೊಂದೇ ವ್ಯತ್ಯಾಸ. ಹಾಗಾಗಿ ಮೊಮ್ಮಗನ ಆಸೆ ತಲೆಬುಡ ಇಲ್ಲದ್ದೇನಲ್ಲ ತಾಯಿ.

ತಾತನ ಸಿಟ್ಟಿಗೂ ಅರ್ಥ ಇದೆ. ಯೆಜ್ಡಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ಗಾಡಿ. ಪಾರ್ಸಿ ಮನೆತನದ ಇರಾನಿಯವರು ಜೆಕ್ ದೇಶದ ಜಾವಾ ಜೊತೆ ಸೇರಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. 1961ರಲ್ಲಿ ಗಾಡಿ ಹೊರಬರಲು ಶುರುವಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಇವತ್ತು ಅದೇ ಹೆಸರಿನಲ್ಲಿ ಬರುತ್ತಿರುವ ಹೊಸ ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿ, ಅದರ ಸಾಮಾನು ಇದಕ್ಕೆ ಹೊಂದುವುದಿಲ್ಲ. ಅಂದರೆ ಕೊಯ್ದ ಹಳೇ ಚಾಸಿಗೆ ಬದಲಿ ಚಾಸಿ ಮಾಡಿಕೊಡುವ ಕಾರ್ಖಾನೆ ಇನ್ನಿಲ್ಲ.

ಆದ್ದರಿಂದ ನನ್ನ ಮಾತು ಒಂದೇ: ಬಿಚ್ಚಿ, ಕೊಯ್ಯಬೇಡಿ. ಬೋಲ್ಟ್ ಬಿಚ್ಚಿ ತೆಗೆದದ್ದನ್ನು ಬೋಲ್ಟ್ ಹಾಕಿ ಮತ್ತೆ ಕೂರಿಸಬಹುದು. ಗ್ರೈಂಡರ್ ಆಡಿಸಿದ ಮೇಲೆ ಆ ಜಾಗ ಹೋಯಿತು ಅಂತಲೇ ಲೆಕ್ಕ. ಟ್ರ್ಯಾಕರ್ ರೂಪದ ಬಹುಪಾಲು, ಅಂದರೆ ಹ್ಯಾಂಡಲ್, ಸೀಟು, ಪಕ್ಕದ ತಗಡು, ಬಣ್ಣ, ಚಾಸಿ ಮುಟ್ಟದೇ ಬರುತ್ತದೆ. ಸೀಟಿನ ತಳವನ್ನು ಫೈಬರ್‌ನಲ್ಲೋ ತಗಡಿನಲ್ಲೋ ಮಾಡಿಸಿ, ಹಳೇ ಸೀಟಿನ ಬೋಲ್ಟ್ ತೂತುಗಳಿಗೇ ಕೂರುವ ಹಾಗೆ ಪಟ್ಟಿ ಕೊಡಿಸಿದರೆ ಸಾಕು. ತುಮಕೂರಿನಲ್ಲಿ ಲೇತ್, ವೆಲ್ಡಿಂಗ್ ಕೆಲಸದವರಿಗೆ ಬರವಿಲ್ಲ. ಒಳ್ಳೆಯ ಕೆಲಸಗಾರ ಅಳತೆ ತೆಗೆದುಕೊಳ್ಳಲು ಗಾಡಿಯನ್ನೇ ತನ್ನಿ ಅನ್ನುತ್ತಾನೆ. ಬರೀ ಫೋಟೊ ನೋಡಿ ಮಾಡಿಕೊಡ್ತೀನಿ ಅನ್ನುವವನ ಹತ್ತಿರ ಹೋಗಬೇಡಿ.

ಇನ್ನು ಸೈಲೆನ್ಸರ್. ಹುಡುಗರೆಲ್ಲ ಮೊದಲು ಕೈ ಹಾಕುವುದು ಅದಕ್ಕೇ. ಟೂ ಸ್ಟ್ರೋಕ್‌ನಲ್ಲಿ ಅದು ಹೊಗೆ ಬಿಡುವ ಕೊಳವೆ ಮಾತ್ರ ಅಲ್ಲ, ಎಂಜಿನ್ನಿನದೇ ಒಂದು ಅಂಗ. ಈ ಎಂಜಿನ್ನಿಗೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯ ತೂತುಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹೊಗೆ ಹೋಗುವ ತೂತು ತೆರೆದಿರುವಾಗಲೇ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುತ್ತದೆ, ಅದರಲ್ಲಿ ಸ್ವಲ್ಪ ಹೊಗೆಯ ಹಿಂದೆಯೇ ಹೊರಗೆ ಜಾರುತ್ತದೆ. ಸೈಲೆನ್ಸರಿನ ಉದ್ದ, ಆಕಾರ ಸರಿಯಾಗಿದ್ದರೆ ಅಲ್ಲಿಂದ ವಾಪಸು ಬರುವ ಒತ್ತಡದ ಅಲೆ ಅದನ್ನು ತಡೆಯುತ್ತದೆ. ಗಿಡ್ಡ ಮಾಡಿದಿರೋ, ಸದ್ದು ಜೋರಾಗುತ್ತದೆ, ಎಳೆತ ಕಮ್ಮಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ರೋಡ್‌ಕಿಂಗ್‌ಗೆ ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು. ಅವನ್ನು ಹಾಗೇ ಬಿಟ್ಟು, ಒಳಗಿನ ಬ್ಯಾಫಲ್ ಹೊರಗೆಳೆದು ಕಟ್ಟಿರುವ ಮಸಿ ತೆಗೆಸಿ. ಎಷ್ಟೋ ಗಾಡಿಗೆ ಅಷ್ಟರಲ್ಲೇ ಅರ್ಧ ಜೀವ ಬರುತ್ತದೆ.

ಹಣ ಮೊದಲು ಹೋಗಬೇಕಾದದ್ದು ಬಣ್ಣಕ್ಕಲ್ಲ, ಎಂಜಿನ್ನಿಗೆ. ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕಿನ ಎರಡು ಪಕ್ಕದ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿರುತ್ತವೆ. ಯೆಜ್ಡಿಯಲ್ಲಿ ಎಡಪಕ್ಕ ಕ್ಲಚ್ ಇದೆ, ಆ ಸೀಲ್ ಸೋರಿದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಬಲಪಕ್ಕದ್ದು ಸೋರಿದರೆ ಹೊಗೆ ಕಾಣುವುದಿಲ್ಲ, ಅದೇ ಅಪಾಯ. ಅಲ್ಲಿಂದ ಬರೀ ಗಾಳಿ ನುಗ್ಗಿ, ಪೆಟ್ರೋಲ್ ಆಯಿಲ್ ಪ್ರಮಾಣ ಕಮ್ಮಿಯಾಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಹಿಡಿದುಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತದೆ. ಸೀಲ್ ಬದಲಾಯಿಸದೇ ಗುಬ್ಬಿಯಿಂದ ತುಮಕೂರಿಗೆ ಹೈವೇ ಹತ್ತಿಸಬೇಡಿ ಅಂತ ಮಗನಿಗೆ ಖಡಾಖಂಡಿತ ಹೇಳಿ.

ಟ್ಯಾಂಕ್ ಒಳಗಿನ ತುಕ್ಕಿಗೆ ನಿಮ್ಮ ಅಡುಗೆಮನೆಯಲ್ಲೇ ಮದ್ದಿದೆ. ಹಳೇ ಪೆಟ್ರೋಲ್ ಪೂರ್ತಿ ಬಗ್ಗಿಸಿ, ಚೆನ್ನಾಗಿ ತೊಳೆದು, ಸೋಸಿದ ಹುಣಸೆಹುಳಿ ನೀರೋ ವಿನೆಗರೋ ತುಂಬಿಸಿ ಎರಡು ಮೂರು ದಿನ ಇಡಿ. ಆಮೇಲೆ ಸೋಡಾಪುಡಿ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ. ತೂತು ಇದ್ದರೆ ಮನೆಯಲ್ಲಿ ವೆಲ್ಡಿಂಗ್ ಮಾಡಿಸಲೇಬೇಡಿ. ಖಾಲಿ ಟ್ಯಾಂಕಿನ ಪೆಟ್ರೋಲ್ ಆವಿಯೇ ಸಿಡಿಯುವುದು.

ರೇಸಿನ ಟ್ರ್ಯಾಕರ್‌ಗೆ ಮುಂದಿನ ಬ್ರೇಕ್ ಇರುವುದಿಲ್ಲ, ಅದನ್ನು ನೋಡಿ ನಮ್ಮ ಹುಡುಗರು ಬಿಚ್ಚಿಹಾಕುವುದುಂಟು. ಅಲ್ಲಿ ಎದುರಿಗೆ ಕೆಎಸ್ಸಾರ್ಟಿಸಿ ಬಸ್ಸು ಬರುವುದಿಲ್ಲ, ಬಿ.ಎಚ್. ರಸ್ತೆಯಲ್ಲಿ ಬರುತ್ತದೆ. ಎರಡೂ ಡ್ರಮ್ಮಿಗೆ ಹೊಸ ಲೈನಿಂಗ್ ಹಾಕಿಸಿ. ಅಗಲ ಹ್ಯಾಂಡಲ್ ಹಾಕಿದರೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರೂ ಕೇಬಲ್ ಉದ್ದದ್ದು ಬೇಕು. ಎಂಜಿನ್ ಆನ್ ಮಾಡಿ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಸಾಲದು ಅಂತ ಅರ್ಥ.

ಈಗ ಕುಣಿಗಲ್ ಹುಡುಗನಿಗೆ. ಮಗು, ಆರ್‌ಸಿಯಲ್ಲಿ ಚಾಸಿ ನಂಬರ್ ಇರುತ್ತದೆ, ಎಂಜಿನ್ ನಂಬರೂ ಇರುತ್ತದೆ. ರಾಜದೂತ್ ಚಾಸಿಗೆ ಯಮಹಾ ಎಂಜಿನ್ ಕೂರಿಸಿದರೆ ಅದು ಕಾಗದದಲ್ಲಿ ಯಾವ ಗಾಡಿಯೂ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು ಅಂತ ಬಂತು. ಗುಜರಿ ಚಾಸಿಗೆ ಆರ್‌ಸಿ ಇದೆಯಾ, ಯಾರ ಹೆಸರಿನಲ್ಲಿದೆ, ಮೊದಲು ನೋಡು. ಕಾಗದ ಇಲ್ಲದ್ದನ್ನು ಕಟ್ಟಿ ಕಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಶೆಡ್ಡಿನೊಳಗಿನ ಪಾಠವಾಗಿರಲಿ, ರಸ್ತೆಗೆ ಬೇಡ.

ಹಾಗಂತ ಗುಬ್ಬಿಯ ಗಾಡಿಗೆ ಬೋಲ್ಟ್ ಹಾಕಿ ಮಾಡಿದ್ದೆಲ್ಲ ಕಾನೂನಿಗೆ ಒಪ್ಪಿತ ಅಂತ ತಿಳಿಯಬೇಡಿ. ಬಣ್ಣ ಬದಲಾಯಿಸಿದರೂ ಆರ್‌ಟಿಒಗೆ ತಿಳಿಸಬೇಕು, ಸೀಟು ಹ್ಯಾಂಡಲ್ ವಿಚಾರವನ್ನೂ ಕೆಲಸ ಶುರು ಮಾಡುವ ಮುಂಚೆಯೇ ಅಲ್ಲಿ ಕೇಳಿಕೊಳ್ಳಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ. ಆ ದಿನ ಗಾಡಿ ತನ್ನ ಮೂಲರೂಪದಲ್ಲಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಬೇಕು. ಕೊಯ್ಯದ ಗಾಡಿಗೆ ಅದು ಒಂದು ಭಾನುವಾರದ ಕೆಲಸ, ಕೊಯ್ದ ಗಾಡಿಗೆ ಆಗದ ಕೆಲಸ.

ಇನ್ನೊಂದು ಲೆಕ್ಕವೂ ಇದೆ. 50 ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಅಂತ ಬೇರೆಯಾಗಿ ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಮೂಲರೂಪ ಕೆಡದೇ ಇರಬೇಕು ಅನ್ನುವುದು ಅದರ ಷರತ್ತು. ರೋಡ್‌ಕಿಂಗ್ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ಅಂದರೆ ಮೊಟ್ಟಮೊದಲ ರೋಡ್‌ಕಿಂಗ್‌ಗೂ 50 ತುಂಬುವುದು 2028ಕ್ಕೆ. ತಾತನ ಗಾಡಿಗೆ ಆ ಗೌರವ ಸಿಗುವ ಹೊತ್ತಿಗೆ ಮೊಮ್ಮಗ ಸಂಸಾರಸ್ಥನಾಗಿರುತ್ತಾನೆ. ಇಪ್ಪತ್ತರ ವಯಸ್ಸಿನ ಗ್ರೈಂಡರ್ ಕೆಲಸಕ್ಕೆ ಆಗ ಬೈಸಿಕೊಳ್ಳುವವನು ಅವನೇ.

ಕೊನೆಗೆ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಯಾರಿಗೆ ಬುದ್ಧಿ ಹೇಳಬೇಕು ಅಂತ. ಇಬ್ಬರಿಗೂ ಹೇಳಬೇಡಿ, ಇಬ್ಬರಿಗೂ ಕೆಲಸ ಕೊಡಿ. ಬಿಚ್ಚುವುದು ಹುಡುಗನದು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ, ಪ್ರತಿ ಬೋಲ್ಟಿಗೂ ಹೆಸರು ಬರೆದ ಡಬ್ಬಿ. ಮಾವನವರಿಗೆ ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿ. ಯೆಜ್ಡಿಯಲ್ಲಿ ಗೇರ್ ಹಾಕುವ ಕಡ್ಡಿಯೇ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಅದನ್ನು ಹೇಗೆ ಒದ್ದರೆ ಗಾಡಿ ಕಾಲಿಗೆ ವಾಪಸು ಒದೆಯುವುದಿಲ್ಲ ಅನ್ನುವುದು ಯಾವ ವಿಡಿಯೊ ನೋಡಿದರೂ ಪೂರ್ತಿ ಬರುವ ವಿದ್ಯೆ ಅಲ್ಲ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ ಟಿ ಆಯಿಲ್ ಅಂತ ನಾವು ಬರೆಯುತ್ತೇವೆ, ಆ ಗಾಡಿ ಎಷ್ಟು ಕೇಳುತ್ತದೆ ಅನ್ನುವುದು ಅದನ್ನು ಓಡಿಸಿದವರಿಗೆ ಗೊತ್ತು. ಆಯಿಲ್ ಅಳೆಯುವ ಲೋಟ ತಾತನ ಕೈಯಲ್ಲಿರಲಿ.

ಕಳಚಿದ ಸೀಟು, ಮಡ್‌ಗಾರ್ಡ್, ಹಳೇ ಹ್ಯಾಂಡಲ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಆಯಿಲ್ ಸವರಿ, ಗೋಣಿಚೀಲದಲ್ಲಿ ಸುತ್ತಿ, ಕೊಬ್ಬರಿ ಪಕ್ಕದಲ್ಲೇ ಅಟ್ಟದ ಮೇಲಿಡಿ. ಎಲ್ಲಿಟ್ಟಿದ್ದೀರಿ ಅನ್ನುವುದನ್ನು ಮನೆಯಲ್ಲಿ ಇಬ್ಬರಿಗಾದರೂ ಹೇಳಿರಿ.