ಪರೀಕ್ಷಕನಿಗೂ ಒಂದು ಪರೀಕ್ಷೆ

ಶಾಸನದ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ತಟ್ಟಿ, ಮಸಿ ಹಚ್ಚಿ ಎತ್ತಿಕೊಳ್ಳುತ್ತಾರೆ. ಕಲ್ಲಿನ ಅಕ್ಷರ ಇದ್ದಂತೆಯೇ ಇರುತ್ತದೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದೇ. ಅದನ್ನು ಓದಲು ಬಂದವನೊಬ್ಬನು ಒಂದಕ್ಷರವನ್ನು ಅಳಿಸಿ, ಅಲ್ಲಿ ತನ್ನ ಗುರುತನ್ನು ಕೆತ್ತಿ, ಕೇಳಿದವರಿಗೆಲ್ಲ ‘ಹಳೆಯ ಅಕ್ಷರವೇ ಇದೆ’ ಎಂದಿದ್ದರೆ ಹೇಗಿರುತ್ತಿತ್ತು? ಗಣಕಯಂತ್ರದ ಡಿಬಗ್ಗರ್ ಮಾಡುವ ಕೆಲಸ ಬಹುಮಟ್ಟಿಗೆ ಇಂಥದೇ.

ಪ್ರೋಗ್ರಾಮಿನ ದೋಷವನ್ನು ಹುಡುಕಬೇಕಾದರೆ ಅದನ್ನು ನಡುದಾರಿಯಲ್ಲಿ ನಿಲ್ಲಿಸಿ ನೋಡಬೇಕು. ಆ ನಿಲುಗಡೆಗೆ ಬ್ರೇಕ್‌ಪಾಯಿಂಟ್ ಎಂದು ಹೆಸರು. 1940ರ ದಶಕದ ಎನಿಯಾಕ್ ಯಂತ್ರದಲ್ಲಿ ತಂತಿಯನ್ನೇ ಕಿತ್ತು ನಿಲ್ಲಿಸುತ್ತಿದ್ದರು. ಇಂದಿನ ಡಿಬಗ್ಗರ್ ಪ್ರೋಗ್ರಾಮ್ ಇರುವ ಮೆಮೊರಿಯಲ್ಲಿ ಒಂದು ಬೈಟನ್ನು ತೆಗೆದಿಟ್ಟುಕೊಂಡು, ಆ ಜಾಗದಲ್ಲಿ ನಿಲ್ಲುವ ಆಜ್ಞೆಯನ್ನು ಬರೆಯುತ್ತದೆ. ಇಂಟೆಲ್ ಜಾತಿಯ ಪ್ರೊಸೆಸರುಗಳಲ್ಲಿ ಆ ಬೈಟಿನ ಬರಹ ‘ಸಿಸಿ’. ಪ್ರೋಗ್ರಾಮ್ ಅಲ್ಲಿ ನಿಂತ ಮೇಲೆ ಹಳೆಯ ಬೈಟನ್ನು ಮರಳಿಸಿ, ಒಂದು ಹೆಜ್ಜೆ ನಡೆಸಿ, ಪುನಃ ಸಿಸಿ ಬರೆಯಬೇಕು. ಮೆಮೊರಿಯನ್ನು ತೋರಿಸೆಂದು ನಾವು ಕೇಳಿದಾಗ ಮಾತ್ರ ಅದು ಹಳೆಯದನ್ನೇ ತೋರಿಸುತ್ತದೆ. ಸದುದ್ದೇಶದ ಸುಳ್ಳೇ ಸರಿ, ಆದರೂ ಸುಳ್ಳು.

ಕಳೆದ ದಸರಾ ರಜೆಯಲ್ಲಿ ಹಗರೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಡಿಪ್ಲೊಮಾ ಓದುತ್ತಿರುವ ಸೋದರಮಾವನ ಮಗನೂ ನಾನೂ ಒಂದು ಸಣ್ಣ ಪ್ರೋಗ್ರಾಮನ್ನು ಪರೀಕ್ಷಿಸುತ್ತಿದ್ದೆವು. ಅದು ತನ್ನ ಬೈಟುಗಳನ್ನೆಲ್ಲ ತಾನೇ ಕೂಡಿ, ಮೊತ್ತ ಸರಿಬಂದರೆ ಮಾತ್ರ ಮುಂದೆ ಸಾಗುವಂಥದು. ಹಾಗೆಯೇ ಓಡಿಸಿದರೆ ಮೊತ್ತ ಸರಿ. ಡಿಬಗ್ಗರಿನಲ್ಲಿ ಓಡಿಸಿದರೆ ತಪ್ಪು. ಮೆಮೊರಿಯನ್ನು ತೆರೆದು ನೋಡಿದರೆ ಎಲ್ಲವೂ ನೆಟ್ಟಗೆ! ಎರಡು ರಾತ್ರಿ ಪ್ರೋಗ್ರಾಮನ್ನೇ ಬೈದೆವು. ಕಡೆಗೆ ಬೇಸತ್ತು ಬ್ರೇಕ್‌ಪಾಯಿಂಟ್ ತೆಗೆದೆವು; ಮೊತ್ತ ಕೂಡಿಬಂತು. ನಮ್ಮ ಕಣ್ಣಿಗೆ ಮರೆಮಾಡಿದ್ದ ಸಿಸಿಯನ್ನು ಪ್ರೋಗ್ರಾಮಿನ ಕಣ್ಣಿಗೆ ಮರೆಮಾಡಲು ಡಿಬಗ್ಗರಿಗೆ ಆಗಿರಲಿಲ್ಲ. ನಿರಪರಾಧಿಯನ್ನು ಎರಡು ರಾತ್ರಿ ಠಾಣೆಯಲ್ಲಿ ಕೂರಿಸಿದ ಹಾಗಾಯಿತು.

ಆದುದರಿಂದ ಗಣಕವನ್ನು ಕಲಿಸುವಲ್ಲೆಲ್ಲ, ಪ್ರೋಗ್ರಾಮನ್ನು ಪರೀಕ್ಷಿಸುವ ಮೊದಲು ಡಿಬಗ್ಗರನ್ನೇ ಪರೀಕ್ಷಿಸುವುದನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ದೊಡ್ಡವರು ಮಾಡಿದ ಸಾಧನವನ್ನು ನಾವು ಪರೀಕ್ಷಿಸುವುದೇ ಎಂದು ಕೆಲವರು ಕೇಳಬಹುದು. ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕಷ್ಟೆ! ಕಲಾ ವಿದ್ಯಾರ್ಥಿಗೆ ಇದೇಕೆ ಎಂದು ನಕ್ಕ ಮಿತ್ರರಿಗೆ ನನ್ನ ಉತ್ತರ ಇಷ್ಟೇ: ಮೂಲಪಾಠ ಯಾವುದು, ಪ್ರಕ್ಷೇಪ ಯಾವುದು ಎಂದು ಬಿಡಿಸುವ ಗ್ರಂಥಸಂಪಾದನೆ ನಮ್ಮ ವಿದ್ಯೆಯಲ್ಲವೇ?

ಪರೀಕ್ಷೆ ಕಷ್ಟದ್ದಲ್ಲ. ಬ್ರೇಕ್‌ಪಾಯಿಂಟ್ ಇಡುವ ಮುನ್ನ ಮತ್ತು ಇಟ್ಟ ಮೇಲೆ ಮೆಮೊರಿಯನ್ನು ಓದಿ ಹೋಲಿಸುವುದು ಮೊದಲ ಮೆಟ್ಟಿಲು. ಅದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಬ್ರೇಕ್‌ಪಾಯಿಂಟ್ ಇರುವಾಗಲೇ ಅದೇ ಜಾಗಕ್ಕೆ ಡಿಬಗ್ಗರಿನ ಮೂಲಕ ಹೊಸ ಬೈಟು ಬರೆದು, ಆಮೇಲೆ ಬ್ರೇಕ್‌ಪಾಯಿಂಟ್ ತೆಗೆಯಬೇಕು. ಅಲ್ಲಿ ಉಳಿಯಬೇಕಾದುದು ಹೊಸದು. ಅಜಾಗರೂಕ ಡಿಬಗ್ಗರ್ ತಾನು ತೆಗೆದಿಟ್ಟಿದ್ದ ಹಳೆಯದನ್ನೇ ಮರಳಿಸಿ, ನಮ್ಮ ತಿದ್ದುಪಡಿಯನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಡಿಬಿ ಎಂಬ ಡಿಬಗ್ಗರ್ ಇಂದಿಗೂ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ. ಅದರ ಮೂಲದೊಡನೆ ಅದನ್ನು ಪರೀಕ್ಷಿಸುವ ಪ್ರೋಗ್ರಾಮುಗಳೂ ಬರುತ್ತವೆ. ಕಾಸಿನ ಖರ್ಚಿಲ್ಲ.

ಚಿಕ್ಕ ಚಿಪ್ಪುಗಳಲ್ಲಿ ಈ ವಿಷಯ ಇನ್ನೂ ಗಂಭೀರ. ಆರ್ಡುವಿನೊ ಊನೊ ಹಲಗೆಯಲ್ಲಿ ಬಳಸುವ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಪ್ರೋಗ್ರಾಮ್ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಅಳಿಸಿ ಬರೆಯುವುದನ್ನು ಅದು ತಾಳುವುದು ಸುಮಾರು 10,000 ಬಾರಿ. ಅಲ್ಲಿ ಬ್ರೇಕ್‌ಪಾಯಿಂಟ್ ಇಡುವುದೆಂದರೆ ಫ್ಲ್ಯಾಶನ್ನೇ ತಿರುಗಿ ಬರೆಯುವುದು. ಡಿಬಗ್ ಮಾಡಲು ಬಳಸಿದ ಚಿಪ್ಪನ್ನು ಗಿರಾಕಿಗೆ ಕೊಡಬಾರದೆಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ. ಮಾವನ ಮಗನ ಬಳಿ ಇಂಥದೊಂದು ಹಲಗೆಯಿದೆ. ಬರುವ ರಜೆಯಲ್ಲಿ ಅದರಲ್ಲಿ ಎಷ್ಟು ಬಾರಿ ಬ್ರೇಕ್‌ಪಾಯಿಂಟ್ ಇಟ್ಟೆವೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಲೆಕ್ಕವಿಡಲು ನಿಶ್ಚಯಿಸಿದ್ದೇವೆ.